ದೀಪ ತಲೆ ಎತ್ತಿದರೆ ದಾರಿ ಕಾಣುವುದು ಯಾರಿಗೆ?

ಕತ್ತಲಾದ ಮೇಲೆ ಚಳ್ಳಕೆರೆಯಿಂದ ಹಾನಗಲ್ ಕಡೆಗೆ ಬಸ್ಸಿನ ಮುಂದಿನ ಸೀಟು ಹಿಡಿದು ಹೋಗುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರಿಗೆ ಒಂದು ಕಾರು ಬರುತ್ತದೆ. ಬಸ್ಸಿನ ಡ್ರೈವರು ಡಿಪ್ ಮಾಡುತ್ತಾನೆ. ಕಾರಿನವನೂ ಡಿಪ್ ಮಾಡುತ್ತಾನೆ. ಆದರೂ ಬೆಳಕು ಸೀದಾ ಕಣ್ಣಿಗೇ ಬಡಿಯುತ್ತದೆ. ಡ್ರೈವರು ಒಂದು ಬೈಗಳ ಬಿಡುತ್ತಾನೆ, ಕಂಡಕ್ಟರು ಅದಕ್ಕೆ ಇನ್ನೊಂದು ಸೇರಿಸುತ್ತಾನೆ. ಬೈಸಿಕೊಂಡವನಿಗೆ ತನ್ನ ತಪ್ಪೇನೆಂದೇ ಗೊತ್ತಿರುವುದಿಲ್ಲ. ಅವನು ಡಿಪ್ ಮಾಡಿದ್ದು ನಿಜ, ದೀಪವೇ ತಲೆ ಎತ್ತಿ ಕೂತಿದೆ!

ಲೆಕ್ಕ ನೋಡಿ. ದೀಪ ಇರಬೇಕಾದ್ದಕ್ಕಿಂತ ಒಂದೇ ಒಂದು ಡಿಗ್ರಿ ಮೇಲೆದ್ದರೆ 50 ಮೀಟರ್ ದೂರದಲ್ಲಿ ಅದರ ಬೆಳಕು 87 ಸೆಂಟಿಮೀಟರ್ ಮೇಲೇರುತ್ತದೆ. ರಸ್ತೆ ಮೇಲೆ ಬೀಳಬೇಕಾದ ಬೆಳಕು ಬೈಕಿನವನ ಮುಖದ ಮೇಲೆ ಬಿತ್ತು ಎಂದೇ ಅರ್ಥ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವನು ಮೂರು ಸೆಕೆಂಡು ಕಣ್ಣು ಕತ್ತಲಿಟ್ಟರೆ 50 ಮೀಟರ್ ಕುರುಡನಾಗಿ ಓಡಿರುತ್ತಾನೆ. ವಯಸ್ಸಾದವರ ಕಣ್ಣು ತಿಳಿಯಾಗಲು ಇನ್ನೂ ಹೊತ್ತು ಬೇಕು. ಆ 50 ಮೀಟರಿನಲ್ಲಿ ಏನಿರಬಹುದು? ಈ ಸೀಮೆಯಲ್ಲಿ ಕುರಿ ಹಿಂಡು ಇರಬಹುದು, ಹಿಂದೆ ಒಂದು ಕೆಂಪು ಚೂರೂ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್ ಇರಬಹುದು, ಹೊಲದಿಂದ ಮನೆಗೆ ನಡೆದು ಹೋಗುವ ಹೆಣ್ಣುಮಕ್ಕಳಿರಬಹುದು.

ದೀಪ ತಲೆ ಎತ್ತುವುದು ಹೇಗೆ? ಮುಖ್ಯ ಕಾರಣ ಲೋಡು. ಪಿಕಪ್ ಗಾಡಿಗೆ ಈರುಳ್ಳಿ ಚೀಲವನ್ನೋ ಶೇಂಗಾ ಚೀಲವನ್ನೋ ಗಂಟಲಮಟ್ಟ ತುಂಬಿದರೆ ಹಿಂಭಾಗ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ. ರಾತ್ರೋರಾತ್ರಿ ಯಶವಂತಪುರದ ಮಾರ್ಕೆಟ್ಟು ಮುಟ್ಟುವ ಆತುರದಲ್ಲಿ ದೀಪದ ಕಡೆ ನೋಡುವವರು ಯಾರು? ಹಿಂದಿನ ಸೀಟಿಗೆ ಮೂರು ಜನ, ಡಿಕ್ಕಿಗೆ ಮದುವೆಯ ಸೀರೆ ಗಂಟು ತುಂಬಿ ಮೊಳಕಾಲ್ಮೂರಿನಿಂದ ಹೊರಡುವ ಕಾರಿನದೂ ಇದೇ ಕಥೆ. ಬಹುಪಾಲು ಕಾರುಗಳಲ್ಲಿ ಸ್ಟೀರಿಂಗ್ ಪಕ್ಕದಲ್ಲೇ 0, 1, 2, 3 ಎಂದು ಬರೆದ ಸಣ್ಣ ಚಕ್ರವೊಂದಿರುತ್ತದೆ. ಲೋಡು ಹೆಚ್ಚಿದಂತೆ ಅಂಕಿ ಹೆಚ್ಚಿಸಿದರೆ ದೀಪ ಕೆಳಗಿಳಿಯುತ್ತದೆ. ಕಾರು ಕೊಂಡ ದಿನದಿಂದ ಅದನ್ನು ಒಮ್ಮೆಯೂ ಮುಟ್ಟದ ಮಾಲೀಕರೇ ಹೆಚ್ಚು.

ಎರಡನೆಯ ಪಿಡುಗು ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಬಲ್ಬು. ಹ್ಯಾಲೊಜೆನ್‌ಗೆಂದು ಮಾಡಿದ ಬುರುಡೆಗೆ ಇದನ್ನು ತುರುಕಿದರೆ ಬೆಳಕು ಒಂದು ಗೆರೆಗೆ ನಿಲ್ಲದೆ ದಿಕ್ಕುದಿಕ್ಕಿಗೆ ಚೆಲ್ಲುತ್ತದೆ. ಹಿಂದೆ ಲಾರಿಯವರು ದೀಪದ ಗಾಜಿನ ಮೇಲರ್ಧಕ್ಕೆ ಕರೀ ಬಣ್ಣ ಬಳಿಯುತ್ತಿದ್ದರು. ಒರಟು ಉಪಾಯ, ನಿಜ. ಆದರೆ ಎದುರಿನವನಿಗೂ ಕಣ್ಣಿದೆ ಎಂಬುದು ಅವರ ನೆನಪಿನಲ್ಲಿತ್ತು.

ಕಾನೂನು ಇಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ, 8 ಮೀಟರ್ ದೂರದಲ್ಲಿ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವವನನ್ನು ಕುಕ್ಕದಂತೆ ದೀಪ ಕೆಳಕ್ಕೆ ಬಾಗಿರಬೇಕು, ಇಲ್ಲವೇ ಬಾಗಿಸುವಂತಿರಬೇಕು. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಕೇಸು ಹಾಕಲು ಹೊರಟದ್ದೂ ಉಂಟು. ಆದರೆ ಕೇಸು ಹಾಕಿದರೆ ದೀಪ ತಾನಾಗಿ ಇಳಿಯುತ್ತದೆಯೆ? ಲಾರಿ, ಬಸ್ಸುಗಳು ಎಫ್.ಸಿ.ಗೆ ಹೋಗಲೇಬೇಕು. ಸ್ವಂತ ಕಾರಿಗೆ ನೋಂದಣಿಯಾದ ಮೇಲೆ 15 ವರ್ಷ ಆ ಗೊಡವೆಯೇ ಇಲ್ಲ. ನಡುವೆ ಬಂಪರ್ ಗುದ್ದಿಸಿಕೊಂಡು ರಿಪೇರಿಯಾದರೂ ದೀಪದ ಮಟ್ಟ ನೋಡುವವರಿಲ್ಲ.

ನೋಡುವುದೇನು ಬ್ರಹ್ಮವಿದ್ಯೆಯೆ? ಸಮತಟ್ಟಾದ ನೆಲ, ಒಂದು ಗೋಡೆ, ಒಂದು ಸೀಮೆಸುಣ್ಣ ಸಾಕು. ಟೈರಿಗೆ ಸರಿಯಾಗಿ ಗಾಳಿ ಇರಲಿ, ಡ್ರೈವರು ಸೀಟಿನಲ್ಲಿರಲಿ, ಚಕ್ರದ ಅಂಕಿ ಸೊನ್ನೆಯಲ್ಲಿರಲಿ. ಕಾರನ್ನು ಗೋಡೆಗೆ ಹತ್ತಿರ ನಿಲ್ಲಿಸಿ ದೀಪದ ನಡುಮಧ್ಯದ ಎತ್ತರಕ್ಕೆ ಗೆರೆ ಎಳೆದು, ನೇರ ಹಿಂದಕ್ಕೆ 10 ಮೀಟರ್ ಸರಿಸಿ ಡಿಪ್ ಹಾಕಬೇಕು. ಬೆಳಕಿನ ಮೇಲಂಚು ಆ ಗೆರೆಗಿಂತ 10 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಅರ್ಧ ಗೇಣು ಕೆಳಗಿರಬೇಕು. ಎಡಗಡೆ ಸ್ವಲ್ಪ ಮೇಲೇರಿದ್ದರೆ ಗಾಬರಿ ಬೇಡ. ರಸ್ತೆ ಅಂಚಿನಲ್ಲಿ ನಡೆಯುವವರು ಕಾಣಲೆಂದೇ ಹಾಗೆ ಮಾಡಿರುತ್ತಾರೆ. ಹೆಚ್ಚುಕಮ್ಮಿ ಇದ್ದರೆ ದೀಪದ ಹಿಂದಿನ ಸ್ಕ್ರೂ ತಿರುಗಿಸುವುದು ಮೆಕ್ಯಾನಿಕ್‌ಗೆ ಐದು ನಿಮಿಷದ ಕೆಲಸ. ಅತಿಯಾಗಿ ಇಳಿಸುವುದೂ ಬೇಡ, ದೂರದ ಕುರಿ ಹಿಂಡು ತನಗೇ ಕಾಣದೆ ಹೋದೀತು.

ಚಳ್ಳಕೆರೆ ನಗರಸಭೆ, ಮೊಳಕಾಲ್ಮೂರು ಪಟ್ಟಣ ಪಂಚಾಯಿತಿಗಳು ತಲಾ ಒಂದು ಗೋಡೆಗೆ ಸುಣ್ಣ ಬಳಿದು ಗೆರೆ ಎಳೆಸಲಿ, ಮುಂದೆ ನೆಲ ಮಟ್ಟ ಮಾಡಿಸಲಿ. ಆರ್.ಟಿ.ಒ. ಸಾಹೇಬರು ತಿಂಗಳಿಗೊಂದು ದಿನ ಇನ್ಸ್‌ಪೆಕ್ಟರನ್ನು ಅಲ್ಲಿಗೆ ಕಳಿಸಲಿ, ದಂಡದ ಪುಸ್ತಕ ಬಿಟ್ಟು ಬರಲಿ. ಸರಕು ಕಳಿಸುವ ವ್ಯಾಪಾರಿಗಳು ಚೀಲದ ಲೆಕ್ಕ ಬರೆಸುವಾಗಲೇ ಗಾಡಿಯ ದೀಪ ಎತ್ತ ನೋಡುತ್ತಿದೆ ಎಂದೂ ಒಮ್ಮೆ ನೋಡಬಹುದು. ಫಾಲ್ಗುಣದಲ್ಲಿ ನಾಯಕನಹಟ್ಟಿ ಜಾತ್ರೆಗೆ ಜನ ಕಾಲ್ನಡಿಗೆಯಲ್ಲಿ ಇದೇ ರಸ್ತೆಗಳಿಗೆ ಇಳಿಯುತ್ತಾರೆ. ಗೋಡೆಯ ಗೆರೆ ಅದಕ್ಕೆ ಮುಂಚೆ ಬೀಳಲಿ.