ಡಬ್ಬದಲ್ಲಿ ಬರುವ ಕ್ರಿಸ್ಮಸ್ ನನಗೆ ಬೇಡ

ನವೆಂಬರ್ ಕೊನೆಯ ವಾರ ಗೆಳತಿಯ ಮೆಸೇಜು ಬಂತು. "ಈ ಸಲವೂ ಕ್ರಿಸ್ಮಸ್ ತಿಂಡಿ ಎಲ್ಲ ಆರ್ಡರ್ ಮಾಡ್ತಾ ಇದ್ದೇನೆ. ಹೋದ ವರ್ಷದ ಹಾಗೆ ನಿನ್ನದೂ ಸೇರಿಸ್ಲಾ ಮಾರಾಯ್ತಿ?" ಬೇಡ ಅಂದೆ. ಯಾಕೆ ಅಂದಳು. ಮನೆಯಲ್ಲೇ ಮಾಡುತ್ತೇವೆ ಅಂದೆ. ಅದಕ್ಕವಳು ನಗುವ ಮುಖಗಳನ್ನು ಸಾಲಾಗಿ ಕಳಿಸಿ, "ನಿನಗೆ ಪುರುಸೊತ್ತು ಜಾಸ್ತಿಯಾಗಿದೆ" ಎಂದು ಬರೆದಳು. ಮೆಸೇಜಿನಲ್ಲಿ ಜಗಳ ಆಡುವುದು ನನಗೆ ಬರುವುದಿಲ್ಲ. ಹಾಗಾಗಿ ಇಲ್ಲಿ ಆಡುತ್ತಿದ್ದೇನೆ.

ಮೊದಲು ಈ ಪುರುಸೊತ್ತಿನ ಲೆಕ್ಕ. ನಾನು ಪೆಟಾಲಿಂಗ್ ಜಯಾದ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ನಮಗೆ ಡಿಸೆಂಬರ್ ಎಂದರೆ ಹಬ್ಬವಲ್ಲ, ವರ್ಷದ ಲೆಕ್ಕ ಮುಗಿಸುವ ತಿಂಗಳು. 2024ರ ಡಿಸೆಂಬರಂತೂ ಯಾರಿಗೂ ಬೇಡ. 2025ರ ಜನವರಿ 1ರಿಂದ ಎರಡೂವರೆ ಕೋಟಿ ರಿಂಗಿಟ್ ದಾಟಿದ ವಹಿವಾಟಿನ ಕಂಪನಿಗಳೂ ಇ-ಇನ್‌ವಾಯ್ಸ್‌ಗೆ ಬರಬೇಕೆಂದು ಮಲೇಶಿಯಾ ಸರಕಾರದ ನಿಯಮ. ರಾತ್ರಿ ಒಂಬತ್ತಕ್ಕೆ ಮನೆಗೆ ಬಂದು, ಮಕ್ಕಳ ಮುಖ ನೋಡಿ, ಮತ್ತೆ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಆಗ ನನ್ನನ್ನು ಕಾಪಾಡಿದ್ದು ಇದೇ ಗೆಳತಿಯ ಆರ್ಡರು. ನಾನು ಅವಳನ್ನು ಬೈಯುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು.

ತಿಂಡಿ ಚೆನ್ನಾಗಿಯೇ ಇತ್ತು. ಕಲ್‌ಕಲ್, ಗುಲಾಬಿ ಹೂವು, ಕರ್ಜಿಕಾಯಿ, ಚಕ್ಕುಲಿ, ಒಂದೊಂದಕ್ಕೂ ಒಂದೊಂದು ಪಾರದರ್ಶಕ ಡಬ್ಬ, ಕೆಂಪು ರಿಬ್ಬನ್ನು. 24ರ ಸಂಜೆ ತಟ್ಟೆಗಳಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ನಮ್ಮ ಮನೆಯ ಕ್ರಿಸ್ಮಸ್ ತಯಾರಿ ಮುಗಿಯಿತು. ರಾತ್ರಿ ಉಡುಪಿಯಿಂದ ಅಮ್ಮನ ವಿಡಿಯೋ ಕಾಲ್. ಮಗಳು ತಟ್ಟೆಯನ್ನು ಫೋನಿಗೆ ಹಿಡಿದು ತೋರಿಸಿದಳು. ಅಮ್ಮ ಕೇಳಿದರು, "ಹೂವು ಚಂದ ಉಂಟು ಮಗ. ಹಿಟ್ಟಿನ ಹದ ಯಾರು ನೋಡಿದ್ದು, ನೀನಾ?" ಹನ್ನೊಂದು ವರ್ಷದ ಮಗಳು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು: ಹದ ಅಂದರೆ ಏನಮ್ಮಾ?

ನಾನು ಹೇಳಲು ಹೊರಟೆ. ಇಂಗ್ಲಿಷಿನಲ್ಲಿ ಎರಡು ಮೂರು ಪದ ಹೇಳಿದೆ, ಒಂದೂ ಕೂಡಿ ಬರಲಿಲ್ಲ. ಅತ್ತ ಅಮ್ಮ ಕಾಯುತ್ತಿದ್ದರು. ಕೊನೆಗೆ ಅಂಗಡಿಯಿಂದ ತಂದದ್ದು ಎಂದು ನಾನೇ ಹೇಳಿದೆ. "ಆಯ್ತು, ಒಳ್ಳೆದಾಯ್ತು, ನಿನಗೂ ಕೆಲಸ ಅಲ್ವಾ" ಅಂದರು ಅಮ್ಮ. ಅಮ್ಮ ಸಿಟ್ಟು ಮಾಡಿಕೊಂಡಿದ್ದರೆ ವಾಸಿ ಇತ್ತು.

ಹದವನ್ನು ಪದಕೋಶ ನೋಡಿ ಕಲಿಸಲಾಗುವುದಿಲ್ಲ. ಅಕ್ಕಿಹಿಟ್ಟಿಗೆ ಸ್ವಲ್ಪ ಮೈದಾ, ಮೊಟ್ಟೆ, ಸಕ್ಕರೆ, ಎಳ್ಳು ಸೇರಿಸಿ ತೆಂಗಿನ ಹಾಲಿನಲ್ಲಿ ಕಲಸಿ, ಕಾದ ಅಚ್ಚನ್ನು ಅದರಲ್ಲಿ ಅದ್ದಬೇಕು. ಹಿಟ್ಟು ನೀರಾದರೆ ಅಚ್ಚಿಗೆ ಹಿಡಿಯುವುದಿಲ್ಲ, ದಪ್ಪವಾದರೆ ಹೂವು ಗಟ್ಟಿ. ಅಚ್ಚು ತಣ್ಣಗಿದ್ದರೆ ಹಿಟ್ಟು ಜಾರುತ್ತದೆ. ಅಂಚಿನ ಮೇಲಕ್ಕೆ ಅದ್ದಿದರೆ ಹೂವು ಅಚ್ಚನ್ನು ಬಿಡುವುದೇ ಇಲ್ಲ. ಇಷ್ಟೂ ಕಂಡು, ಎರಡು ಹೂವು ಹಾಳು ಮಾಡಿ, ಒಬ್ಬರಿಂದ ಬೈಸಿಕೊಂಡ ಮೇಲೆ ಹದ ಎಂಬ ಮಾತು ಮಗುವಿನದಾಗುತ್ತದೆ. ನಾದು, ಲಟ್ಟಿಸು, ಚಿವುಟು, ಹೊರಳಿಸು, ಕೊಡವು, ಪಾಕ ಎಳೆ ಬಂತಾ ನೋಡು, ಉರಿ ತಗ್ಗಿಸು, ಕರಟಿತು ಮಾರಾಯ್ತಿ ತೆಗಿ! ಡಬ್ಬದಲ್ಲಿ ತಿಂಡಿ ಬರುತ್ತದೆ, ಈ ಕ್ರಿಯಾಪದಗಳು ಬರುವುದಿಲ್ಲ. ನನ್ನ ತಕರಾರು ಅಷ್ಟೇ, ಆದರೆ ಅದು ಸಣ್ಣ ತಕರಾರಲ್ಲ.

ಯಾಕೆಂದರೆ ನಮ್ಮಂಥವರಿಗೆ ಕನ್ನಡಕ್ಕೆ ಇಲ್ಲಿ ಬೇರೆ ಜಾಗವೇ ಇಲ್ಲ. ಮಕ್ಕಳ ಶಾಲೆ ಇಂಗ್ಲಿಷು, ಮಲಯ. ನಾವು ಹೋಗುವ ಚರ್ಚಿನಲ್ಲಿ ಒಂದು ಆರಾಧನೆ ಇಂಗ್ಲಿಷಿನಲ್ಲಿ, ಇನ್ನೊಂದು ತಮಿಳಿನಲ್ಲಿ. ಇನ್ನು ಕನ್ನಡದವರ ಕೂಟಗಳಲ್ಲಿ ನಾನು ಎಷ್ಟು ಸಲ ಕೇಳಿದ ಮಾತು: "ನೀವು ಕ್ರಿಶ್ಚಿಯನ್ನರಾ? ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಹೊಗಳಿಕೆ ಎಂದುಕೊಂಡೇ ಹೇಳುತ್ತಾರೆ, ಪಾಪ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಮೋಗ್ಲಿಂಗ್ 1843ರ ಜುಲೈ 1ಕ್ಕೆ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದರು, ಕಿಟೆಲ್ ಅವರ ನಿಘಂಟು 1894ರಲ್ಲಿ ಬಂತು. ಆ ಸಭೆಗಳ ಮಕ್ಕಳು ನಾವು. ಜರ್ಮನ್ ರಾಗದಲ್ಲಿ ಕನ್ನಡ ಕೀರ್ತನೆ ಹಾಡುತ್ತಾ ಬೆಳೆದವರು. ಪತ್ರಿಕಾ ದಿನ ಆಚರಿಸುವಾಗ ನೆನಪಾಗುವ ನಾವು, "ಕ್ರಿಸ್ಮಸ್ಸಿನಲ್ಲಿ ಕನ್ನಡ ಎಲ್ಲಿಂದ ಬಂತು?" ಎಂದು ಕೇಳುವಾಗ ನೆನಪಾಗುವುದಿಲ್ಲ.

ಆದರೆ ಅವರನ್ನೇ ಏಕೆ ಬೈಯಲಿ? ಆ ಪ್ರಶ್ನೆಗೆ ನನ್ನ ಮನೆಯಲ್ಲೇ ಉತ್ತರ ಇಲ್ಲದಂತೆ ನಾನೇ ಮಾಡಿಕೊಂಡಿದ್ದೆನಲ್ಲ.

ತಿಂಡಿ ಮಾಡಿದರೆ ಸಾಕು ಎಂದೂ ನಾನು ಹೇಳುತ್ತಿಲ್ಲ. ಮೊನ್ನೆ ಮಲಾಕಾದ ಪೋರ್ಚುಗೀಸ್ ಸೆಟ್ಲ್‌ಮೆಂಟಿಗೆ ಹೋಗಿದ್ದೆವು. ಅಲ್ಲಿಯ ಕ್ರಿಸ್ತಾಂಗ್ ಜನರ ಕಥೆ ಕರಾವಳಿಯವರಿಗೆ ಹತ್ತಿರದ್ದು. ಅಲ್ಬುಕರ್ಕ್ 1510ರಲ್ಲಿ ಗೋವಾ ಹಿಡಿದ, 1511ರಲ್ಲಿ ಮಲಾಕಾ. ಅಲ್ಲಿ ಹುಟ್ಟಿದ ಪೋರ್ಚುಗೀಸ್ ಮಲಯ ಬೆರಕೆ ಮಾತು 1641ರಲ್ಲಿ ಡಚ್ಚರು ಬಂದರೂ, ಆಮೇಲೆ ಇಂಗ್ಲಿಷರು ಬಂದರೂ ಉಳಿಯಿತು. ಡಿಸೆಂಬರಿನಲ್ಲಿ ಆ ಓಣಿಗಳ ಮನೆಮನೆಗೂ ದೀಪ, ನೋಡಲು ದೂರದೂರದಿಂದ ಜನ. ರವೆಯನ್ನು ಬೆಣ್ಣೆಯಲ್ಲಿ ನೆನೆಸಿ ಮಾಡುವ ಸುಗಿ ಕೇಕ್ ಈಗಲೂ ಇದೆ, ಕರಿ ದೆಬಾಲ್ ಇದೆ. ಅಜ್ಜಿಯೊಬ್ಬರು ಅಂಗಳದಲ್ಲಿ ಕೂತು ಇನ್ನೊಬ್ಬ ಅಜ್ಜಿಯ ಜೊತೆ ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು. ಮೊಮ್ಮಕ್ಕಳನ್ನು ಕರೆಯುವಾಗ ಮಾತ್ರ ಇಂಗ್ಲಿಷು. ಐನೂರು ವರ್ಷ ಬಾಳಿದ ಮಾತು ಈಗ ಅಳಿವಿನ ಪಟ್ಟಿಯಲ್ಲಿದೆ. ಸಾಮ್ರಾಜ್ಯಗಳು ಮಾಡಲಾಗದ್ದನ್ನು ಒಂದೆರಡು ತಲೆಮಾರಿನ ಅಡುಗೆಮನೆಗಳು ಮಾಡಿಬಿಟ್ಟವು ಅನ್ನಿಸಿತು ನನಗೆ. ಅವರನ್ನು ದೂರುವುದಕ್ಕೆ ಹೇಳುತ್ತಿಲ್ಲ. ವಾಪಸು ಬರುವಾಗ ಕಾರಿನಲ್ಲಿ ನನ್ನ ಮಗ, ಮಗಳು, ಗಂಡ, ನಾನು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೆವು ಎಂದು ಕಿವಿಗೊಟ್ಟು ಕೇಳಿಸಿಕೊಂಡೆ, ಅಷ್ಟೆ.

ಗೆಳತಿಯ ಹತ್ತಿರ ಒಂದು ಬಲವಾದ ವಾದ ಇದೆ. ಅದನ್ನು ನುಂಗಿಬಿಟ್ಟರೆ ನಾನು ಮೋಸ ಮಾಡಿದಂತೆ. "ನಮ್ಮ ಅಮ್ಮಂದಿರ ಬೆನ್ನು ಮುರಿದದ್ದು ಸಾಲದಾ?" ಎಂದು ಕೇಳುತ್ತಾಳೆ ಅವಳು. ನಿಜ. ನಮ್ಮ ಮನೆಯಲ್ಲಿ ಡಿಸೆಂಬರ್ ಹತ್ತರಿಂದ ಅಮ್ಮ ಮಲಗುತ್ತಿದ್ದದ್ದು ಯಾವಾಗ ಎಂದೇ ನಮಗೆ ಗೊತ್ತಿರಲಿಲ್ಲ. ಪರದೆ ಒಗೆಯುವುದು, ಮನೆಗೆ ಸುಣ್ಣ, ಎಂಟು ಬಗೆ ತಿಂಡಿ, ನೆರೆಮನೆಗಳಿಗೆಲ್ಲ ಹಂಚಲು ತಟ್ಟೆ. ಕೆಥೊಲಿಕ್ ನೆರೆಯವರ ಮನೆಯಿಂದ ಬರುವ ಕುಸ್ವಾರ್ ತಟ್ಟೆಗಿಂತ ನಮ್ಮದರಲ್ಲಿ ಒಂದು ಬಗೆ ಕಡಿಮೆ ಇರಬಾರದು ಎಂಬ ಹಟ ಬೇರೆ! ಅಪ್ಪ ಕಟ್ಟುತ್ತಿದ್ದದ್ದು ನಕ್ಷತ್ರ ಒಂದೇ. ಅದಕ್ಕೂ ಏಣಿ ಹಿಡಿಯಲು ಅಮ್ಮ. ಆ ಕ್ರಿಸ್ಮಸ್ಸನ್ನು ಹಾಗೆಯೇ ಎತ್ತಿ ತನ್ನಿ ಎಂದು ಹೇಳುವವರ ಪಕ್ಷ ನನ್ನದಲ್ಲ. ಊರಿನ ಹಬ್ಬ ಎಷ್ಟು ಚೆನ್ನಾಗಿತ್ತು ಎಂದು ಕಣ್ಣು ತೇವ ಮಾಡಿಕೊಳ್ಳುವ ಗಂಡಸರಿಗೆ ನಾನು ಕೇಳುವುದು ಒಂದೇ, ಆಗ ನೀವು ಯಾವ ಕೆಲಸ ಮಾಡುತ್ತಿದ್ದಿರಿ?

ಆದರೆ ಕೆಲಸ ಹೆಂಗಸೊಬ್ಬಳ ಮೇಲೆ ಬಿದ್ದಿತ್ತು ಎಂದರೆ ಕೆಲಸವನ್ನೇ ಬಿಸಾಡುವುದು ಯಾವ ನ್ಯಾಯ? ಹಂಚಬೇಕು, ಮೊಟಕು ಮಾಡಬೇಕು. ಈ ವರ್ಷ ನಮ್ಮಲ್ಲಿ ಎರಡೇ ಬಗೆ, ಕಲ್‌ಕಲ್ ಮತ್ತು ಹೂವು. ನಲವತ್ತು ಜನರ ಓಪನ್ ಹೌಸ್ ಇಲ್ಲ. ಮಲೇಶಿಯಾದಲ್ಲಿ ಎಲ್ಲ ಹಬ್ಬಕ್ಕೂ ಬಾಗಿಲು ತೆರೆದಿಡುವ ಈ ಪದ್ಧತಿ ನನಗೆ ಬಹಳ ಇಷ್ಟ, ಆದರೆ ಐದು ಬಗೆ ಕರಿ ಬೇಯಿಸುವ ಕಡ್ಡಾಯ ಅದರಲ್ಲಿಲ್ಲ. ಬಂದವರಿಗೆ ತಿಂಡಿ, ಚಹಾ. ಪರದೆ ಒಗೆಯುವುದಿಲ್ಲ. ಮಾಲಿಗೂ ಹೋಗುವುದಿಲ್ಲ. ಪುರುಸೊತ್ತು ಇಲ್ಲ ಎನ್ನುವ ನಾವು, ದೀಪಾವಳಿಯ ರಂಗೋಲಿ ಅಳಿಸಿದ ಜಾಗದಲ್ಲಿ ನಿಲ್ಲಿಸಿದ ಮಾಲಿನ ಮರದ ಮುಂದೆ ಫೋಟೋ ತೆಗೆಸಲು ಇಡೀ ಶನಿವಾರ ಕಳೆಯುತ್ತೇವೆ. ಪಾರ್ಕಿಂಗಿಗೆ ಮುಕ್ಕಾಲು ಗಂಟೆ ಸುತ್ತುತ್ತೇವೆ. ಅಷ್ಟು ಹೊತ್ತಿನಲ್ಲಿ ಒಂದು ಕಿಲೋ ಮೈದಾ ನಾದಬಹುದು.

ಅಚ್ಚು ಬ್ರಿಕ್‌ಫೀಲ್ಡ್ಸ್‌ನ ಪಾತ್ರೆ ಅಂಗಡಿಯಲ್ಲಿ ಸಿಕ್ಕಿತು. ಇಲ್ಲಿಯ ತಮಿಳರು ದೀಪಾವಳಿಗೆ ಅಚ್ಚು ಮುರುಕ್ಕು ಎಂದು ಮಾಡುವುದು ಇದನ್ನೇ, ಮಲಯದವರಿಗೆ ಇದು ಕುಯೆ ರೋಸ್. ಕೆಳಗಿನ ಮಹಡಿಯ ಚೀನೀ ಅಜ್ಜಿ ತಮ್ಮ ಹೊಸ ವರ್ಷಕ್ಕೆ ಇದೇ ಹೂವಿನ ಡಬ್ಬ ಕೊಡುತ್ತಾರೆ. ಹಾಗಾಗಿ ಹೂವು ನಮ್ಮದು ಎಂದು ನಾನು ಹೇಳುವ ಹಾಗಿಲ್ಲ. ಹೂವು ಕರಟಿದಾಗ ಬೈಯುವ ಮಾತು ಮಾತ್ರ ನಮ್ಮದು. ತೆಂಗಿನ ಹಾಲಿಗೂ ಇಲ್ಲಿ ತೊಂದರೆ ಇಲ್ಲ, ಪಸಾರಿನಲ್ಲಿ ಕಣ್ಣೆದುರೇ ತುರಿದು ಹಿಂಡಿ ಕೊಡುತ್ತಾರೆ. ತೊಂದರೆ ಇರುವುದು ಹವೆಯದು. ಡಿಸೆಂಬರಿನಲ್ಲೂ ಮಧ್ಯಾಹ್ನ ಮಳೆ. ಕರಿದದ್ದನ್ನು ಅರ್ಧ ಗಂಟೆ ಹೊರಗಿಟ್ಟರೆ ಮೆತ್ತಗಾಗುತ್ತದೆ. ಮೈಲೋ ಡಬ್ಬಗಳನ್ನು ತೊಳೆದು ಒಣಗಿಸುವ ಕೆಲಸ ಒಂಬತ್ತು ವರ್ಷದ ಮಗನದು. ಎಣ್ಣೆಯ ಮುಂದೆ ನಿಲ್ಲುವುದು ಗಂಡ. ಹದ ನೋಡುವುದು ಮಗಳು, ಫೋನಿನಲ್ಲಿ ಅಜ್ಜಿಯ ಮುಂದೆ. ನಿಯಮ ಒಂದೇ, ಹಿಟ್ಟು ಕೈಯಲ್ಲಿರುವಷ್ಟು ಹೊತ್ತು ಇಂಗ್ಲಿಷ್ ಇಲ್ಲ. ಮಗ ಈಗಾಗಲೇ ಮುಷ್ಕರ ಹೂಡುವ ಬೆದರಿಕೆ ಹಾಕಿದ್ದಾನೆ. ಗಂಡನಿಗೂ ಜಾಲರಿ ಸೌಟಿಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ನೆನಪಾಗದೆ ಅತ್ತೆಗೆ ಫೋನ್ ಮಾಡಿದ್ದಾನೆ.

ಈ ಜಗಳದ ಕೊನೆಯ ಮೆಸೇಜನ್ನು ನಾನು ಗೆಳತಿಗೆ ನಿನ್ನೆ ರಾತ್ರಿ ಕಳಿಸಿದೆ. ಡಿಸೆಂಬರ್ 13, ಶನಿವಾರ, ಬೆಳಿಗ್ಗೆ ಹತ್ತಕ್ಕೆ. ನಿನ್ನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಾ, ಗಂಡನನ್ನೂ ಬಿಡಬೇಡ. ಕಲ್‌ಕಲ್ ಹೊರಳಿಸಲು ಫೋರ್ಕು ಬೇಕು, ನಮ್ಮಲ್ಲಿ ನಾಲ್ಕೇ ಇವೆ, ನಿನ್ನದೂ ತಾ. ಎರಡು ನೀಲಿ ಟಿಕ್ ಬಿದ್ದಿದೆ. ಉತ್ತರ ಇನ್ನೂ ಬಂದಿಲ್ಲ.