ಗಂಟುಮೂಟೆ ಕಟ್ಟುವ ಮುನ್ನ

ಶಾಲೆಗಳಿಗೆ ಬೇಸಿಗೆ ರಜೆ ಬಂದಿತೆಂದರೆ ನಮ್ಮ ಕರಾವಳಿಯಲ್ಲಿ ಮನೆ ಬದಲಿಸುವ ಕಾಲವೂ ಬಂದಿತೆಂದೇ ಅರ್ಥ. ಮಳೆ ಹಿಡಿಯುವ ಮೊದಲು, ಮಕ್ಕಳ ತರಗತಿಗಳು ತೆರೆಯುವ ಮೊದಲು ಸಾಮಾನು ಸಾಗಿಸಿಬಿಡಬೇಕೆಂಬ ಅವಸರ. ಹೆಂಚಿನ ಮನೆಯಿಂದ ಫ್ಲಾಟಿಗೆ, ಹಳ್ಳಿಯಿಂದ ಮಂಗಳೂರಿಗೆ, ಮಂಗಳೂರಿನಿಂದ ಬೆಂಗಳೂರಿಗೆ. ಪಿಂಗಾಣಿ ತಟ್ಟೆಗಳನ್ನು ಹಳೆಯ ಪತ್ರಿಕೆಗಳಲ್ಲಿ ಸುತ್ತಬೇಕು, ಪುಸ್ತಕಗಳನ್ನು ಚಿಕ್ಕ ಪೆಟ್ಟಿಗೆಗಳಲ್ಲೇ ತುಂಬಬೇಕು, ಗ್ಯಾಸ್ ಸಂಪರ್ಕದ ವರ್ಗಾವಣೆಗೆ ಮುಂಚಿತವಾಗಿ ಅರ್ಜಿ ಕೊಡಬೇಕು. ಇವೆಲ್ಲ ನಮ್ಮ ಗೃಹಿಣಿಯರು ಬಲ್ಲ ಸಂಗತಿಗಳೇ. ಹಣ ತೆತ್ತರೆ ಕಟ್ಟಿ, ಸಾಗಿಸಿ, ಬಿಚ್ಚಿಕೊಡುವವರೂ ಇದ್ದಾರೆ. ಆದರೆ ಯಾವುದನ್ನು ಕೊಂಡೊಯ್ಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವರು ತೀರ್ಮಾನಿಸಲಾರರು. ಅದು ನಮ್ಮ ಕೆಲಸ. ನಾವೋ ಅದನ್ನು ಕೊನೆಯ ರಾತ್ರಿಗೆ, ಮನೆಮಂದಿಯೆಲ್ಲ ದಣಿದು ಸಿಡುಕುವ ಹೊತ್ತಿಗೆ ಉಳಿಸಿಕೊಳ್ಳುತ್ತೇವೆ.

ನಮ್ಮ ಮನೆಯಲ್ಲೇ ಆದುದನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಹಳೆಯ ಮನೆಯನ್ನು ಬಿಟ್ಟು ಫ್ಲಾಟಿಗೆ ಬಂದಾಗ, ಅಟ್ಟದ ಮೇಲಿದ್ದ ತುಕ್ಕು ಹಿಡಿದ ತಗಡಿನ ಪೆಟ್ಟಿಗೆಯೊಂದನ್ನು ತೆರೆದೂ ನೋಡದೆ ಗುಜರಿಯವನ ಕೈಗೆ ಕೊಟ್ಟೆವು. ಮೂರು ದಿನಗಳ ಬಳಿಕ ವೃದ್ಧ ತಾಯಿ ಅದನ್ನು ಕೇಳಿದರು. ಅದರೊಳಗೆ ದಿವಂಗತ ತಂದೆಯವರ ಪ್ರಾರ್ಥನಾ ಪುಸ್ತಕವಿತ್ತಂತೆ. ಅದರ ಕೊನೆಯ ಖಾಲಿ ಹಾಳೆಗಳಲ್ಲಿ ಮನೆಯ ಎಲ್ಲ ಮಕ್ಕಳ ಜನನ, ಜ್ಞಾನಸ್ನಾನಗಳ ದಿನಾಂಕಗಳನ್ನು ಅವರು ಸ್ವಹಸ್ತದಿಂದ ಬರೆದಿಟ್ಟಿದ್ದರು. ವರ್ಷ ತುಂಬುವ ಮೊದಲೇ ತೀರಿಕೊಂಡ ನಮ್ಮ ಅಕ್ಕನೊಬ್ಬಳ ಹೆಸರೂ ಅಲ್ಲಿತ್ತು. ಅವಳ ಗುರುತಾಗಿ ಮನೆಯಲ್ಲಿ ಉಳಿದಿದ್ದುದು ಅದೊಂದು ಸಾಲು ಮಾತ್ರ. ತಾಯಿ ಬೈಯಲಿಲ್ಲ. "ಕೇಳಬಹುದಿತ್ತಲ್ಲ" ಎಂದಷ್ಟೇ ಹೇಳಿ ಜಪಸರ ಹಿಡಿದು ಕುಳಿತರು.

ಈಜಿಪ್ಟಿನಿಂದ ಇಸ್ರಯೇಲರು ಹೊರಟ ರಾತ್ರಿಯ ಗಡಿಬಿಡಿಗೆ ನಮ್ಮ ಗಡಿಬಿಡಿ ಸಮನಾಗದು. ಹುಳಿಯಾಗದ ಹಿಟ್ಟನ್ನು ನಾದುವ ಹರಿವಾಣಗಳ ಸಮೇತ ಬಟ್ಟೆಯಲ್ಲಿ ಕಟ್ಟಿ ಹೆಗಲಿಗೇರಿಸಿಕೊಂಡು ಹೊರಟರೆಂದು ವಿಮೋಚನಾಕಾಂಡ ತಿಳಿಸುತ್ತದೆ. ಆ ಅವಸರದಲ್ಲೂ ಜೋಸೆಫನ ಎಲುಬುಗಳನ್ನು ಕೊಂಡೊಯ್ಯಲು ಮೋಶೆ ಮರೆಯಲಿಲ್ಲ. ಅವನ್ನು ಮರುಭೂಮಿಯ ಉದ್ದಕ್ಕೂ ಹೊತ್ತು ತಂದು ಕಡೆಗೆ ಶೆಖೆಮಿನಲ್ಲಿ ಸಮಾಧಿ ಮಾಡಿದರು. ಇದೇ ಜೋಸೆಫನ ತಂದೆ ಯಕೋಬನು ಈಜಿಪ್ಟಿಗೆ ಬರುವಾಗ, ಮನೆಯ ಸಾಮಾನುಗಳಿಗಾಗಿ ಚಿಂತಿಸಬೇಡಿರೆಂದು ಫರೋಹನು ಹೇಳಿಕಳುಹಿಸಿದ್ದನು. ಎರಡೂ ಒಂದೇ ಮನೆತನದ ಕಥೆ. ನಾವಾದರೋ ಸೋಫಾ ಬಾಗಿಲಲ್ಲಿ ಹಿಡಿಸೀತೇ ಎಂದು ಮೂರು ಸಲ ಅಳೆಯುತ್ತೇವೆ.

ಹಿರಿಯರನ್ನು ಮೊದಲು ಕೇಳಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಲಾರಿ ಬರುವ ದಿನವಲ್ಲ, ತಿಂಗಳಿಗೆ ಮೊದಲೇ. ಅವರ ಕಪಾಟನ್ನು ಅವರೇ ಖಾಲಿ ಮಾಡಲಿ. ಎರಡು ವಾರ ಹಿಡಿದರೆ ಹಿಡಿಯಲಿ. ಸಾಮಾನು ಸಾಗಿಸುವ ದಿನ ಅವರನ್ನು ನೆಂಟರ ಮನೆಯಲ್ಲಿ ಬಿಟ್ಟು ಸಂಜೆ ಹೊಸ ಮನೆಗೆ ಕರೆತರುವುದನ್ನು ಅನೇಕರು ಉಪಕಾರವೆಂದು ಭಾವಿಸಿದ್ದಾರೆ. ಐವತ್ತು ವರ್ಷ ಬಾಳಿದ ಮನೆಯ ಬಾಗಿಲು ಮುಚ್ಚುವಾಗ ಅಲ್ಲಿರುವ ಹಕ್ಕು ಅವರಿಗಿಲ್ಲವೇ?

ಇನ್ನು ದೇವರ ಪೀಠದ ವಿಚಾರ. ತುಂಡಾದ ಜಪಸರ, ಮೂಗು ಮುರಿದ ಮಾತೆ ಮರಿಯಮ್ಮನವರ ಪ್ರತಿಮೆ, ಗರಿಗಳ ಭಾನುವಾರದ ಒಣಗಿದ ಗರಿಗಳು, ಮೊಂತಿ ಹಬ್ಬದಲ್ಲಿ ಆಶೀರ್ವದಿಸಿ ತಂದ ಭತ್ತದ ತೆನೆ, ಇವೆಲ್ಲ ಕಸದ ಚೀಲ ಸೇರಿರುವುದನ್ನು ನಾವು ಕಂಡಿದ್ದೇವೆ. ಆಶೀರ್ವದಿತ ವಸ್ತುಗಳನ್ನು ಗೌರವದಿಂದ ಕಾಣಬೇಕೆಂದು 1983ರ ಶ್ರೀಸಭಾ ಕಾನೂನು ಸಂಹಿತೆ ವಿಧಿಸುತ್ತದೆ. ಕೆಟ್ಟುಹೋದವನ್ನು ಸುಡುವುದು ಅಥವಾ ಮಣ್ಣಿನಲ್ಲಿ ಹೂಳುವುದು ಹಿಂದಿನಿಂದ ಬಂದ ರೂಢಿ. ಗರಿಗಳನ್ನು ಇಗರ್ಜಿಗೆ ಒಪ್ಪಿಸಿದರೆ ವಿಭೂತಿ ಬುಧವಾರದ ಬೂದಿಗೆ ಒದಗುತ್ತವೆ. ಹಿತ್ತಿಲಿರುವ ಮನೆಯನ್ನು ಬಿಟ್ಟು ನಾಲ್ಕನೆಯ ಮಹಡಿಗೆ ಹೋದಮೇಲೆ ಹೂಳಲು ಅಂಗೈಯಗಲ ಮಣ್ಣೂ ಸಿಗದು. ಅದನ್ನು ಹೊರಡುವ ಮೊದಲೇ ಮಾಡಿ ಮುಗಿಸಬೇಕು. ಪೀಠವನ್ನು ಮಾತ್ರ ಕೊನೆಗೆ ಇಳಿಸಿ, ಹೊಸ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಇಡುವುದು ಲೇಸು. ಅನೇಕ ಹೊಸ ಫ್ಲಾಟುಗಳಲ್ಲಿ ಟಿ.ವಿ.ಯ ಗೋಡೆ ನಕ್ಷೆಯಲ್ಲೇ ಗೊತ್ತಾಗಿರುತ್ತದೆ. ಪೀಠಕ್ಕೆ ಗೋಡೆ ಹುಡುಕುವ ಹೊಣೆ ನಮ್ಮದು.

ಹೊಸ ವಿಚಾರಣೆಯ ಗುರುಗಳನ್ನು ಕಾಣುವುದನ್ನೂ ನಾವು ಮುಂದೂಡುತ್ತಲೇ ಇರುತ್ತೇವೆ. ಹಬ್ಬಕ್ಕೂ ಸಮಾಧಿಗೂ ಹಳೆಯ ಇಗರ್ಜಿ, ಭಾನುವಾರದ ಪೂಜೆಗೆ ಯಾವುದು ಹತ್ತಿರವೋ ಅದು. ಹೀಗೆ ಎಲ್ಲಿಯೂ ಸೇರದವರಾಗಿ ಐದಾರು ವರ್ಷ ಕಳೆಯುವ ಕುಟುಂಬಗಳುಂಟು. ನಡುರಾತ್ರಿ ಮನೆಯ ಹಿರಿಯರಿಗೆ ರೋಗಿಗಳ ಅಭ್ಯಂಗ ಬೇಕಾದಾಗ ಯಾರಿಗೆ ಕರೆ ಮಾಡುವುದೆಂದು ತಿಳಿಯದು. ಶಾಶ್ವತವಾಗಿ ನೆಲಸುವ ಉದ್ದೇಶದಿಂದ ಬಂದವರು ಆಗಲೇ ಆ ವಿಚಾರಣೆಗೆ ಸೇರಿದವರು. ಮೂರು ತಿಂಗಳಾದರೂ ಉಳಿಯುವ ಉದ್ದೇಶದಿಂದ ಬಂದವರಿಗೂ ಸಂಹಿತೆ ಅಲ್ಲಿ ಸ್ಥಾನ ಕೊಡುತ್ತದೆ. ಆದುದರಿಂದ ಹನ್ನೊಂದು ತಿಂಗಳ ಬಾಡಿಗೆ ಕರಾರಿನವರು ತಮ್ಮದು ತಾತ್ಕಾಲಿಕ ವಾಸವೆಂದು ಹಿಂಜರಿಯಬೇಕಾಗಿಲ್ಲ. ಹಳೆಯ ಗುರುಗಳಿಂದ ಒಂದು ಪರಿಚಯ ಪತ್ರ ಪಡೆದು, ಹೋದ ಮೊದಲ ಭಾನುವಾರವೇ ಕಂಡರೆ ಸಾಕು.

ಜ್ಞಾನಸ್ನಾನದ ದಾಖಲೆ ಮಾತ್ರ ನಮ್ಮೊಡನೆ ಬರುವುದಿಲ್ಲ. ಎಲ್ಲಿ ಜ್ಞಾನಸ್ನಾನವಾಯಿತೋ ಅಲ್ಲಿಯ ಪುಸ್ತಕದಲ್ಲೇ ಅದು ಉಳಿಯುತ್ತದೆ. ದೃಢೀಕರಣ, ವಿವಾಹಗಳು ಬೇರೆ ಊರಿನಲ್ಲಿ ನಡೆದರೂ ಆ ಹೆಸರಿನ ಬದಿಯಲ್ಲೇ ದಾಖಲಾಗತಕ್ಕದ್ದು. ಯಾವ ಇಗರ್ಜಿ, ಯಾವ ವರ್ಷ ಎಂಬುದನ್ನು ಪ್ರತಿಯೊಬ್ಬರಿಗೂ ಬರೆದಿಟ್ಟುಕೊಂಡರೆ ಮದುವೆಯ ವೇಳೆಗೆ ಪ್ರತಿ ಪಡೆಯಲು ಅಲೆದಾಟವಿರದು.

ನಮಗೂ ಕೊನೆಗೆ ಆ ಪುಸ್ತಕವೇ ನೆರವಾಯಿತು. ಹಳೆಯ ಇಗರ್ಜಿಗೆ ಹೋಗಿ ದಿನಾಂಕಗಳನ್ನೆಲ್ಲ ಬರೆದು ತಂದೆವು, ಅಕ್ಕನದೂ ಸಿಕ್ಕಿತು. ತಂದೆಯವರ ಅಕ್ಷರಗಳು ಸಿಗಲಿಲ್ಲ. ದಾಖಲೆಯಲ್ಲಿದ್ದುದು ಅವಳ ಜ್ಞಾನಸ್ನಾನದ ಹೆಸರು. ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನು ತಾಯಿ ಹೇಳಿದರು, ನಾವು ಬರೆದುಕೊಂಡೆವು.