ಹರೆಯದವರಿಗೆ ಗ್ರಂಥಾಲಯದ ಹೊಣೆ ಕೊಡೋಣ

ರಾಮದುರ್ಗದಲ್ಲಿ ಹೈಸ್ಕೂಲು, ಪಿಯು ಕಾಲೇಜುಗಳು ಬಿಟ್ಟ ಮೇಲೆ ಹದಿನಾಲ್ಕರಿಂದ ಹದಿನೇಳರ ಮಕ್ಕಳು ಎಲ್ಲಿಗೆ ಹೋಗುತ್ತಾರೆ? ಹುಡುಗರಾದರೆ ಬಸ್ ನಿಲ್ದಾಣ, ಚಹಾದಂಗಡಿಯ ಕಟ್ಟೆ, ಮಲಪ್ರಭೆಯ ದಂಡೆ. ಎಲ್ಲಿ ಕೂತರೂ ಕೈಯಲ್ಲಿ ಮೊಬೈಲು. ಹುಡುಗಿಯರಾದರೆ ನೇರ ಮನೆ. ನೇಕಾರರ ಓಣಿಯಲ್ಲಿ ಕಂಡಿಕೆ ಸುತ್ತುವ ಕೆಲಸ ಕಾದಿರುತ್ತದೆ, ಹೊಲ ಇದ್ದವರ ಮನೆಯಲ್ಲಿ ದನಕರು ಕಾದಿರುತ್ತವೆ. ಇವರು ಸಣ್ಣ ಮಕ್ಕಳ ಆಟದ ಗುಂಪಿನಿಂದ ಹೊರಬಿದ್ದಿದ್ದಾರೆ, ದೊಡ್ಡವರ ಮಾತಿನ ಕಟ್ಟೆಗೆ ಇನ್ನೂ ಸೇರಿಲ್ಲ. ದುಡ್ಡು ಕೊಡದೆ, ಯಾರ ಅಪ್ಪಣೆಗೂ ಕಾಯದೆ ಹೋಗಿ ಕೂರಬಹುದಾದ ಒಂದೇ ಒಂದು ಸೂರು ಊರಲ್ಲಿ ಇವರ ಪಾಲಿಗೆ ಇದೆ. ಅದು ಸಾರ್ವಜನಿಕ ಗ್ರಂಥಾಲಯ. ಆ ಸೂರಿನ ಕೆಳಗೆ ಹರೆಯದ ಮಕ್ಕಳಿಗೆ ಜಾಗದ ಜೊತೆಗೆ ಹೊಣೆಯನ್ನೂ ಕೊಡಬೇಕು ಎಂಬುದು ಈ ವಾರದ ನನ್ನ ಒತ್ತಾಯ.

ಕರ್ನಾಟಕ ಈ ವಿಷಯದಲ್ಲಿ ಬರಿಗೈಯಲ್ಲಿ ನಿಂತಿಲ್ಲ. 1965ರಲ್ಲೇ ನಾವು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿಕೊಂಡೆವು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ತೆಕ್ಕೆಗೆ ಬಂದವು. ಮರುವರ್ಷ ಕೊರೊನಾದಿಂದ ಶಾಲೆಗಳ ಬಾಗಿಲು ಮುಚ್ಚಿದ್ದಾಗ, 2020ರ ನವೆಂಬರ್ 14ರ ಮಕ್ಕಳ ದಿನದಂದು ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದೊಳಗಿನ ಮಕ್ಕಳಿಗೆಲ್ಲ ಉಚಿತ ಸದಸ್ಯತ್ವ ಸಿಕ್ಕಿತು. ರಾಜ್ಯದ 5,000ಕ್ಕೂ ಹೆಚ್ಚು ಪಂಚಾಯಿತಿ ಗ್ರಂಥಾಲಯಗಳು ಸುಣ್ಣಬಣ್ಣ ಕಂಡವು, ಗೋಡೆಗಳ ಮೇಲೆ ಚಿತ್ರ ಮೂಡಿದವು, ಹಲವೆಡೆ ಕಂಪ್ಯೂಟರು, ಟೀವಿ ಬಂದವು. ಈಗ ಅವುಗಳನ್ನು ‘ಅರಿವು ಕೇಂದ್ರ’ ಎಂದು ಕರೆಯುತ್ತೇವೆ. ಗಟ್ಟಿ ಓದು, ಕತೆ ಹೇಳುವುದು, ಚದುರಂಗ, ಬೇಸಿಗೆ ಶಿಬಿರ ಎಲ್ಲವೂ ಅಲ್ಲಿ ನಡೆದಿವೆ. ಶಾಲೆ ಇಲ್ಲದ ಆ ದಿನಗಳಲ್ಲಿ ಹಳ್ಳಿಯ ಮಕ್ಕಳಿಗೆ ಅಕ್ಷರದ ನಂಟು ತಪ್ಪದಂತೆ ನೋಡಿಕೊಂಡ ಗ್ರಂಥಾಲಯ ಮೇಲ್ವಿಚಾರಕರಿಗೆ, ಅಧಿಕಾರಿಗಳಿಗೆ ನಾಡು ಋಣಿಯಾಗಿರಬೇಕು.

ಆದರೆ 6ರಿಂದ 18 ಎಂದು ಒಂದೇ ಉಸಿರಿಗೆ ಹೇಳುವಾಗ ಎರಡು ಬೇರೆ ಬೇರೆ ವಯಸ್ಸುಗಳನ್ನು ಒಂದೇ ಚಾಪೆಯ ಮೇಲೆ ಕೂರಿಸುತ್ತೇವೆ. ಎಂಟರ ಮಗು ಚಿತ್ರದ ಪುಸ್ತಕ ಬಿಡಿಸಿಕೊಂಡು ನಲಿಯುತ್ತದೆ, ಬಣ್ಣದ ಪೆನ್ಸಿಲು ಕೊಟ್ಟರೆ ಗಂಟೆಗಟ್ಟಲೆ ಕೂರುತ್ತದೆ. ಹದಿನೈದರ ಹುಡುಗನಿಗೆ ಆ ಚಾಪೆಯ ಮೇಲೆ ಕೂರಲು ನಾಚಿಕೆ. ಎದ್ದು ಪಕ್ಕದ ಟೇಬಲ್ಲಿಗೆ ಹೋದರೆ ಅಲ್ಲಿ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ತಯಾರಿ ನಡೆಸುವ ಅಣ್ಣಂದಿರು, ಅಕ್ಕಂದಿರು ತಲೆ ಎತ್ತದೆ ಓದುತ್ತಿರುತ್ತಾರೆ. ಅವರ ಓದು ದೊಡ್ಡದು, ಅವರಿಗೆ ಸದ್ದು ಬೇಡ. ಇನ್ನೊಂದು ಕಡೆ ಪೇಪರ್ ಓದುವ ಹಿರಿಯರು. ಈ ಮೂರರ ನಡುವೆ ನಿಲ್ಲಲು ಜಾಗ ಸಿಗದ ಹುಡುಗ ಒಂದೆರಡು ಬಾರಿ ಬಂದು, ಮೂರನೆಯ ಬಾರಿಗೆ ಬರುವುದನ್ನೇ ಬಿಡುತ್ತಾನೆ. ರಿಜಿಸ್ಟರಿನಲ್ಲಿ ಅವನ ಹೆಸರು ಮಾತ್ರ ಉಳಿಯುತ್ತದೆ.

ಕಪಾಟಿನ ಕತೆಯೂ ಇದೇ. ನೀತಿಕತೆಗಳ ಸಾಲು ಮುಗಿದ ಕೂಡಲೇ ದಪ್ಪ ಕಾದಂಬರಿಗಳು ಮತ್ತು ಗೈಡುಗಳು ಶುರುವಾಗುತ್ತವೆ. ನಡುವಿನ ವಯಸ್ಸಿಗೆ ಕನ್ನಡದಲ್ಲಿ ಪುಸ್ತಕಗಳೇ ಇಲ್ಲ ಎಂಬ ಮಾತು ನಿಜವಲ್ಲ. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಕಾದಂಬರಿಗಳಿಗೆ 2021ರಿಂದ 2023ರವರೆಗೆ ಸಾಲಾಗಿ ಮೂರು ವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿದೆ. ತೇಜಸ್ವಿಯವರ ‘ಕರ್ವಾಲೊ’ವನ್ನು, ‘ಪರಿಸರದ ಕತೆ’ಯನ್ನು ಒಮ್ಮೆ ಕೈಗೆತ್ತಿಕೊಂಡ ಹೈಸ್ಕೂಲು ಹುಡುಗ ನಡುವೆ ಬಿಡುವುದು ಅಪರೂಪ. ಇಂಥ ಪುಸ್ತಕಗಳು ರಾಮದುರ್ಗ, ಸವದತ್ತಿ, ಕಿತ್ತೂರು, ಬೈಲಹೊಂಗಲದ ಪ್ರತಿ ಅರಿವು ಕೇಂದ್ರದಲ್ಲೂ ಹರೆಯದವರ ಕಣ್ಣಿಗೆ ಬೀಳುವ ಎತ್ತರದಲ್ಲಿ, ಅವರದೇ ಒಂದು ಕಪಾಟಿನಲ್ಲಿ ಇರಬೇಕು.

ಹಾಗೆಂದು ಒಳ್ಳೆಯ ಪುಸ್ತಕ ತಂದಿಟ್ಟ ಮಾತ್ರಕ್ಕೆ ಕೆಲಸ ಮುಗಿಯದು. ಈ ವಯಸ್ಸಿಗೆ ಬೇಕಾದದ್ದು ಜೊತೆ. ತಾನು ಓದಿದ್ದನ್ನು ಹೇಳಿಕೊಳ್ಳಲು ಗೆಳೆಯ ಬೇಕು, ಒಪ್ಪದಿದ್ದರೆ ವಾದ ಮಾಡಲು ಗೆಳತಿ ಬೇಕು, ತನ್ನ ಮಾತಿಗೆ ಬೆಲೆ ಇದೆ ಎಂದು ತೋರಿಸುವ ಒಬ್ಬ ಹಿರಿಯರು ಬೇಕು. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಹದಿನೈದರ ಮಕ್ಕಳಿಗೆ ಹೇಳುವವರು ಬಹಳ ಮಂದಿ ಇದ್ದಾರೆ, ಕೇಳುವವರು ಕಡಿಮೆ. ‘ಎಷ್ಟು ಮಾರ್ಕ್ಸ್ ಬಿತ್ತು’ ಎಂಬ ಒಂದೇ ಪ್ರಶ್ನೆಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಎದುರಿಸುವ ಮಗುವಿಗೆ, ಮಾರ್ಕ್ಸ್ ಕೇಳದ ಒಂದು ಸಾರ್ವಜನಿಕ ಜಾಗ ಬೇಕೇ ಬೇಕು.

ಅಮೆರಿಕದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ಈ ಮಾತು ನೂರು ವರ್ಷದ ಹಿಂದೆಯೇ ಹೊಳೆದಿತ್ತು. ಅಲ್ಲಿ ಕೆಲಸಕ್ಕೆ ಸೇರಿದ ಮೇಬಲ್ ವಿಲಿಯಮ್ಸ್ ಹದಿಹರೆಯದವರಿಗಾಗಿ ಪ್ರತ್ಯೇಕ ಸೇವೆಯನ್ನು ಕಟ್ಟಿದರು. ಮುಂದೆ ಎಳೆಯರಿಗೆಂದೇ ತೆರೆದ ನೇಥನ್ ಸ್ಟ್ರಾಸ್ ಶಾಖೆಯನ್ನು ವಹಿಸಿಕೊಂಡ ಮಾರ್ಗರೆಟ್ ಸ್ಕಾಗಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹರೆಯದ ಓದುಗರೇ ಪುಸ್ತಕಗಳನ್ನು ವಿಮರ್ಶಿಸುವ ರೇಡಿಯೊ ಕಾರ್ಯಕ್ರಮವನ್ನು ನಡೆಸಿದರು. ನಮ್ಮ ನೆರೆಯ ಕೇರಳವನ್ನು ನೋಡಿ. ಪಿ.ಎನ್. ಪಣಿಕ್ಕರ್ 1945ರಲ್ಲಿ ಹುಟ್ಟುಹಾಕಿದ ಗ್ರಂಥಾಲಯ ಚಳವಳಿಯಲ್ಲಿ ಸದಸ್ಯರೇ ಆರಿಸಿದ ಸಮಿತಿಗಳು ಗ್ರಂಥಾಲಯಗಳನ್ನು ನಡೆಸುತ್ತವೆ. ಅದರೊಳಗೆ ಮಕ್ಕಳಿಗೆ ಬಾಲವೇದಿ ಇದೆ, ಮಹಿಳೆಯರಿಗೆ ವನಿತಾವೇದಿ ಇದೆ. ಈ ಎರಡೂ ಕಡೆ ಓದುವವರು ಗ್ರಂಥಾಲಯದ ಕೆಲಸದಲ್ಲೂ ಪಾಲು ಪಡೆದರು. ಹೊಣೆ ಸಿಕ್ಕ ಕಡೆ ಹರೆಯದವರು ನಿಲ್ಲುತ್ತಾರೆ. ಊರ ಜಾತ್ರೆಯಲ್ಲಿ ತೇರು ಕಟ್ಟುವಾಗ, ಗಣಪತಿ ಕೂರಿಸುವಾಗ ನಮ್ಮದೇ ಹುಡುಗರು ನಿದ್ದೆಗೆಟ್ಟು ದುಡಿಯುವುದನ್ನು ಪ್ರತಿ ವರ್ಷ ನೋಡುತ್ತೇವಲ್ಲ.

ರಾಮದುರ್ಗದಲ್ಲಿ ಅವರಿಗೆ ಕೊಡಬಹುದಾದ ಹೊಣೆ ಯಾವುದು? ಮೊದಲನೆಯದು ಸಣ್ಣವರಿಗೆ ಓದಿ ಹೇಳುವುದು. ವಾರಕ್ಕೆ ಒಂದು ಸಂಜೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಆರೆಂಟು ಸಣ್ಣ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕತೆ ಓದಲಿ. ಗಟ್ಟಿಯಾಗಿ ಓದುವಾಗ ಅವಳ ನಾಲಿಗೆ ತಿಳಿಯಾಗುತ್ತದೆ, ಸಭೆಯ ಅಂಜಿಕೆ ಕಳೆಯುತ್ತದೆ. ಒಬ್ಬರೇ ದುಡಿಯುವ ಮೇಲ್ವಿಚಾರಕರ ಕೆಲಸವೂ ಹಗುರಾಗುತ್ತದೆ. ಅವಳು ಓದಬೇಕಾದ ಕತೆಯನ್ನು ಹಿಂದಿನ ದಿನ ತಾನೇ ಆರಿಸಲಿ. ಆರಿಸಲು ನಾಲ್ಕಾರು ಪುಸ್ತಕ ತಿರುವಲೇಬೇಕು, ಅವಳ ಸ್ವಂತ ಓದು ಬೆಳೆಯುವುದು ಅಲ್ಲಿಯೇ.

ಎರಡನೆಯದು ಊರಿನ ನೆನಪನ್ನು ಬರೆದಿಡುವುದು. ರಾಮದುರ್ಗ 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರುವವರೆಗೂ ಭಾವೆ ಮನೆತನದ ಸಂಸ್ಥಾನವಾಗಿತ್ತು. 1939ರ ಏಪ್ರಿಲ್‌ನಲ್ಲಿ ಪ್ರಜಾ ಸಂಘದ ಚಳವಳಿ ರಕ್ತಪಾತಕ್ಕೆ ತಿರುಗಿ, ಆ ಸುದ್ದಿ ದೇಶದ ಗಮನ ಸೆಳೆದಿತ್ತು. ಅದನ್ನು ಕಣ್ಣಾರೆ ಕಂಡ ತಲೆಮಾರು ಹೋಯಿತು. ಅವರಿಂದ ಕೇಳಿದವರು ಇನ್ನೂ ಇದ್ದಾರೆ. ಸುರೇಬಾನ, ಮನಿಹಾಳದ ಮಗ್ಗದ ಮನೆಗಳಲ್ಲಿ ಸೀರೆ ನೇಯುವ ಬಗೆ ಬಲ್ಲ ಹಿರಿಯರ ಕೈಕೆಲಸವನ್ನು ಅವರ ಮಾತಿನಲ್ಲೇ ಬರೆದುಕೊಂಡವರು ಎಷ್ಟು ಮಂದಿ? 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ ಊರೊಳಗೆ ನುಗ್ಗಿತು, ಮಗ್ಗದ ಮನೆಗಳೂ ಮುಳುಗಿದವು. ಆಗ ಏಳೆಂಟು ವರ್ಷದವರಾಗಿದ್ದ ಮಕ್ಕಳೇ ಇಂದಿನ ಹರೆಯದವರು. ಆ ರಾತ್ರಿಗಳನ್ನು ಅವರು ತಾವಾಗಿ ಬರೆಯಬಲ್ಲರು, ಅವ್ವ ಅಪ್ಪನನ್ನು ಕೇಳಿ ತುಂಬಿಸಬಲ್ಲರು. ನೀರು ಯಾವ ಓಣಿಯ ಯಾವ ಮೆಟ್ಟಿಲವರೆಗೆ ಬಂತು ಎಂಬ ದಾಖಲೆ ಮುಂದಿನ ಪ್ರವಾಹಕ್ಕೆ ಊರನ್ನು ಎಚ್ಚರವಾಗಿಡುವ ಮಾಹಿತಿಯೂ ಹೌದು.

ಇಂಥ ಕೆಲಸಕ್ಕೆ ದೊಡ್ಡ ಮಾದರಿ ನಮ್ಮ ಪಕ್ಕದ ತಾಲ್ಲೂಕಿನಲ್ಲೇ ಇದೆ. 1896ರಲ್ಲಿ ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ ಹುಟ್ಟಿದ ಶಂ.ಬಾ. ಜೋಶಿ ಯಾವ ವಿಶ್ವವಿದ್ಯಾಲಯದ ಪದವಿಯ ಬೆಂಬಲವೂ ಇಲ್ಲದೆ, ಶಾಲಾ ಶಿಕ್ಷಕರಾಗಿದ್ದುಕೊಂಡೇ ಕನ್ನಡ ನಾಡಿನ ಮೂಲವನ್ನು ಹುಡುಕುತ್ತ ಹೋದರು. ಊರುಗಳ ಹೆಸರನ್ನು ಹಿಡಿದು ನಾಡಿನ ಹಳೆಯ ಎಲ್ಲೆಗಳನ್ನು ಗುರುತಿಸಲು ಹೊರಟವರು ಅವರು. ನಮ್ಮ ಹೊಲಗಳಿಗೆ, ಹಳ್ಳಗಳಿಗೆ, ಬಾವಿಗಳಿಗೆ ಒಂದೊಂದು ಹೆಸರಿದೆ. ಟ್ರ್ಯಾಕ್ಟರು, ಲೇಔಟುಗಳು ಬಂದ ಮೇಲೆ ಆ ಹೆಸರುಗಳು ಬೇಗ ಮರೆಯಾಗುತ್ತಿವೆ. ತೊರಗಲ್ಲಿನಿಂದ ಕಟಕೋಳದವರೆಗೆ, ಗೊಡಚಿಯಿಂದ ಹುಲಕುಂದದವರೆಗೆ ಆಯಾ ಊರಿನ ಮಕ್ಕಳು ರಜೆಯಲ್ಲಿ ಆ ಹೆಸರುಗಳನ್ನು ಕೇಳಿ ಬರೆದರೆ, ಅರಿವು ಕೇಂದ್ರದ ಕಪಾಟಿನಲ್ಲಿ ಎಲ್ಲೂ ಕೊಳ್ಳಲು ಸಿಗದ ಒಂದು ಪುಸ್ತಕ ಸೇರುತ್ತದೆ. ಬರೆದದ್ದನ್ನು ಗೋಡೆ ಪತ್ರಿಕೆಯಾಗಿ ಅಂಟಿಸಲಿ. ಒಳ್ಳೆಯದನ್ನು ಆರಿಸಿ ಧಾರವಾಡ ಆಕಾಶವಾಣಿಗೆ ಕಳಿಸಲಿ. 1950ರಿಂದ ಈ ಸೀಮೆಯ ದನಿಗಳನ್ನು ಹೊತ್ತು ತಂದ ಆ ಕೇಂದ್ರ ನಮ್ಮ ಮಕ್ಕಳ ದನಿಗೂ ಕಿವಿಗೊಡಲಿ.

ಮೂರನೆಯದು ಅಕ್ಷರ ಬಲ್ಲವರು ಅಕ್ಷರ ಬಾರದವರಿಗೆ ನೆರವಾಗುವುದು. ಪಿಂಚಣಿಯ ಅರ್ಜಿ, ಬ್ಯಾಂಕಿನ ಚೀಟಿ, ಬೆಳೆ ವಿಮೆಯ ಕಾಗದ ಹಿಡಿದು ಯಾರನ್ನು ಕೇಳುವುದೆಂದು ತಿಳಿಯದ ಅಜ್ಜಿಯರು ಪ್ರತಿ ಓಣಿಯಲ್ಲೂ ಇದ್ದಾರೆ. ವಾರದಲ್ಲಿ ಒಂದು ದಿನ, ಮೇಲ್ವಿಚಾರಕರ ಕಣ್ಣೆದುರಿನಲ್ಲೇ, ಪಿಯು ಓದುವ ಮಕ್ಕಳು ಕಾಗದವನ್ನು ಓದಿ ಅರ್ಥ ಹೇಳಲಿ. ಓದು ಎಂಬುದು ಪರೀಕ್ಷೆಯಾಚೆಗೂ ಒಬ್ಬರ ಬಾಳಿಗೆ ಒದಗುತ್ತದೆ ಎಂಬುದು ಆಗ ಅವರ ಅನುಭವಕ್ಕೇ ಬರುತ್ತದೆ.

ಹುಡುಗಿಯರ ವಿಚಾರವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ‘ಅಲ್ಲಿ ಕುಂತು ಏನ್ ಮಾಡ್ತಿ, ಮನಿಗೆ ಬಾ’ ಎಂಬ ಮಾತು ಅವರ ಬೆನ್ನಿಗೇ ಇರುತ್ತದೆ. ತಾಯಿ ತಂದೆಯರ ಆತಂಕ ಸುಳ್ಳಲ್ಲ, ಅದನ್ನು ಜರಿಯುವುದರಿಂದ ಪ್ರಯೋಜನವೂ ಇಲ್ಲ. ಶಾಲೆ ಬಿಟ್ಟ ಕೂಡಲೇ, ಕತ್ತಲಾಗುವ ಮುಂಚೆ, ನಿಗದಿಯಾದ ಒಂದು ವೇಳೆ ಇರಲಿ. ಒಳ್ಳೆಯ ಬೆಳಕು, ಬಳಸಲು ಯೋಗ್ಯವಾದ ಶೌಚಾಲಯ ಇರಲಿ. ಒಬ್ಬ ಅಕ್ಕೋರು ಅಥವಾ ಊರಿನ ನಂಬಿಕೆಯ ಹಿರಿಯ ಹೆಣ್ಣುಮಗಳು ಜೊತೆಗಿರಲಿ. ತಿಂಗಳಿಗೊಮ್ಮೆ ತಾಯಂದಿರನ್ನೇ ಕರೆದು ಮಗಳು ಓದುವುದನ್ನು ಕೇಳಿಸಲಿ. ಇಷ್ಟಾದರೆ ‘ಹೋಗಿ ಬಾ’ ಎನ್ನುವ ಮನೆಗಳು ಹೆಚ್ಚುತ್ತವೆ. ರಾಣಿ ಚೆನ್ನಮ್ಮನ ಹೆಸರನ್ನು ಪ್ರತಿ ವೇದಿಕೆಯಲ್ಲಿ ಕೂಗುವ ನಮ್ಮ ಸೀಮೆ, ಹದಿನಾರರ ಹುಡುಗಿಗೆ ವಾರಕ್ಕೆ ಎರಡು ತಾಸು ಗ್ರಂಥಾಲಯದಲ್ಲಿ ಕೂರುವ ಅವಕಾಶವನ್ನಾದರೂ ಕೊಡಲೇಬೇಕು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ತೊಂದರೆಯಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಅದು ನ್ಯಾಯವಾದದ್ದೇ. ಆ ಯುವಕ ಯುವತಿಯರಲ್ಲಿ ಹಲವರಿಗೆ ಮನೆಯಲ್ಲಿ ಓದಲು ಒಂದು ಮೂಲೆಯೂ ಇರುವುದಿಲ್ಲ. ಹಾಗಾಗಿ ಹರೆಯದವರ ವೇಳೆಯನ್ನು ಬೇರೆ ಮಾಡಬೇಕು. ಒಳಗೆ ಜಾಗ ಸಾಲದಿದ್ದರೆ ಪಡಸಾಲೆ, ಪಂಚಾಯಿತಿಯ ಸಭಾಂಗಣ, ಪಕ್ಕದ ಶಾಲೆಯ ಒಂದು ಕೋಣೆ ಸಾಕು. ಹಣ ಎಲ್ಲಿದೆ ಎಂದು ಕೇಳುವವರಿಗೂ ಉತ್ತರವಿದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಅದು ಊರಿನವರು ಓದಿಗೆಂದೇ ಕೊಟ್ಟ ದುಡ್ಡು. ವಸೂಲಾದದ್ದು ತಡವಾಗದೆ, ಪೂರ್ತಿಯಾಗಿ ಗ್ರಂಥಾಲಯಕ್ಕೆ ತಲುಪಬೇಕು. ಎಷ್ಟು ವಸೂಲಾಯಿತು, ಎಷ್ಟು ತಲುಪಿತು ಎಂಬ ಲೆಕ್ಕವನ್ನು ಗ್ರಂಥಾಲಯದ ಬಾಗಿಲಲ್ಲೇ ಬರೆದು ಹಾಕಬೇಕು. ಮೇಲ್ವಿಚಾರಕರಿಗೆ ಸಂಬಳ ಹೊತ್ತಿಗೆ ಸರಿಯಾಗಿ ಸಿಗಬೇಕು. ಬದುಕಿನ ಚಿಂತೆಯಲ್ಲಿರುವವರಿಂದ ಮಕ್ಕಳಿಗೆ ಹುರುಪು ತುಂಬಿ ಎಂದು ಕೇಳುವುದು ತಪ್ಪು.

ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು, ಗ್ರಂಥಾಲಯ ಬೆಳೆಯುವ ಜೀವಿ ಎಂಬುದು. ಬೆಳೆಯುವ ವಯಸ್ಸಿನವರನ್ನು ಹೊರಗಿಟ್ಟು ಗ್ರಂಥಾಲಯ ಬೆಳೆಯುವುದು ಹೇಗೆ? ಆದ್ದರಿಂದ ರಾಮದುರ್ಗ ಪುರಸಭೆಗೆ, ತಾಲ್ಲೂಕಿನ ಎಲ್ಲ ಗ್ರಾಮ ಪಂಚಾಯಿತಿಗಳಿಗೆ ನೇರವಾಗಿ ಕೇಳುತ್ತೇನೆ. ಪ್ರತಿ ಗ್ರಂಥಾಲಯದಲ್ಲೂ 13ರಿಂದ 18 ವರ್ಷದ ಏಳೆಂಟು ಮಕ್ಕಳ ಒಂದು ಸಮಿತಿ ಮಾಡಿ. ಅದರಲ್ಲಿ ಅರ್ಧದಷ್ಟು ಹುಡುಗಿಯರಿರಲಿ, ಶಾಲೆ ಬಿಟ್ಟು ದುಡಿಯುವ ಮಕ್ಕಳೂ ಇರಲಿ. ಕೊಳ್ಳುವ ಪುಸ್ತಕಗಳಲ್ಲಿ ಒಂದು ಪಾಲನ್ನು ಆರಿಸುವ ಹಕ್ಕು ಈ ಸಮಿತಿಗೆ ಇರಲಿ. ಈ ವರ್ಷದ ಮಕ್ಕಳ ಗ್ರಾಮಸಭೆಯಲ್ಲಿ ಗ್ರಂಥಾಲಯದ ವರದಿಯನ್ನು ಅವರೇ ಓದಲಿ, ತಮಗೆ ಬೇಕಾದದ್ದನ್ನು ಅವರೇ ಕೇಳಲಿ, ದೊಡ್ಡವರು ಉತ್ತರ ಕೊಡಲಿ. ಇದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ, ಹೊಸ ಕಾಯ್ದೆಯೂ ಬೇಕಾಗಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ಒಂದು ಠರಾವು ಮಾಡಿದರೆ ಸಾಕು.